ವೇಲ್ಸಿನ ಕ್ಷೌರದಂಗಡಿಯಲ್ಲಿ ಹಳೇಬೀಡಿನ ಅಜ್ಜಿ

ಹೊರಡುವ ಮೊದಲು, ಅರಸೀಕೆರೆ

ನಮ್ಮ ಅಜ್ಜಿಯ ಫೋಟೋ ಒಂದೂ ಇಲ್ಲ. ಪ್ರವಾಸದ ಕಥೆಯನ್ನು ಇಲ್ಲಿಂದ ಶುರುಮಾಡುವುದು ವಿಚಿತ್ರ ಎನಿಸಬಹುದು. ಆದರೆ ನಾನು ಹೋಗಿಬಂದ ಮೇಲೆ ಸಿಕ್ಕವರೆಲ್ಲ ಲಂಡನ್ ಹೇಗಿದೆ ಎಂದು ಕೇಳಿ ಕೇಳಿ ಸಾಕಾಗಿದೆ. ಲಂಡನ್ನಿನಲ್ಲಿ ನಾನು ಕಂಡದ್ದು ವಿಮಾನ ನಿಲ್ದಾಣದ ನೆಲಹಾಸು ಮಾತ್ರ. ನಾನು ಹೋದದ್ದು ಅಲ್ಲಿಂದ ಪಶ್ಚಿಮಕ್ಕಿರುವ ವೇಲ್ಸ್ ಎಂಬ ಸಣ್ಣ ನಾಡಿನ ಒಂದು ಕಣಿವೆಗೆ, ಅದೂ ಶಾಲೆಯ ಕೆಲಸದ ಮೇಲೆ. ಅಮ್ಮ ಕಳಿಸಿದ್ದು ಮಾತ್ರ ಅಜ್ಜಿಯ ಮುಖ ನೋಡಿಕೊಂಡು ಬಾ ಎಂದು.

ನಾನು ಗಂಡಸಿ ಎಂಬ ಊರಿನ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವಳು. ಮನೆ ಅರಸೀಕೆರೆಯಲ್ಲಿ, ಅಮ್ಮ ನನ್ನ ಜೊತೆಗೇ ಇದ್ದಾಳೆ. ಅವಳ ತವರು ಹಳೇಬೀಡು. ಅವಳ ತಾಯಿ, ಅಂದರೆ ನಮ್ಮಜ್ಜಿ, ಹಳೇಬೀಡಿನ ದೇವಸ್ಥಾನದ ಸುತ್ತಲಿನ ಹುಲ್ಲುಹಾಸಿನಲ್ಲಿ ಕಳೆ ಕೀಳುವ ಕೂಲಿಗೆ ಹೋಗುತ್ತಿದ್ದಳು. ಹೆಂಗಸರು ಸಾಲಾಗಿ ಕುಕ್ಕರಗಾಲಿನಲ್ಲಿ ಕೂತು, ಕೈಯಲ್ಲಿ ಕುಡುಗೋಲು ಹಿಡಿದು, ಕೂತಲ್ಲಿಂದಲೇ ಮುಂದಕ್ಕೆ ಸರಿಯುತ್ತ ಹೋಗುವ ಕೆಲಸ ಅದು. ನಾನು ಹುಟ್ಟುವ ಮೊದಲೇ ಅಜ್ಜಿ ತೀರಿಕೊಂಡಳು. ನನಗೆ ಉಳಿದದ್ದು ಅವಳ ಒಂದು ಕಥೆ.

ಕಥೆ ಇಷ್ಟೇ. ಒಮ್ಮೆ ಯಾರೋ ಪರದೇಶದವರು ದೇವಸ್ಥಾನದ ಸಿನಿಮಾ ತೆಗೆಯಲು ಬಂದರಂತೆ. ಹೊಸದಾಗಿ ನೆಟ್ಟ ಹುಲ್ಲಿನ ಮೇಲೆ ಮೂರುಕಾಲಿನ ಕ್ಯಾಮೆರಾ ಊರಿ, ಬೂಟುಗಾಲಿನಲ್ಲಿ ಓಡಾಡಿದರಂತೆ. ಮೇಸ್ತ್ರಿ ಬಾಯಿಬಿಡಲಿಲ್ಲ, ಕಾವಲಿನವನೂ ಬಾಯಿಬಿಡಲಿಲ್ಲ. ಅಜ್ಜಿ ಎದ್ದು ನಿಂತಳಂತೆ, ಕುಡುಗೋಲು ಎತ್ತಿ ತೋರಿಸಿ ಕೂಗಿದಳಂತೆ, “ಏಯ್, ಹುಲ್ಲು ತುಳೀಬ್ಯಾಡ್ರೋ! ನಿಮ್ಮಪ್ಪ ಬಂದು ನೆಡ್ತಾನಾ?”

“ನೀನೆಲ್ಲಿದ್ದೆ ಆಗ?” ಎಂದು ನಾನು ಚಿಕ್ಕಂದಿನಲ್ಲಿ ಕೇಳುತ್ತಿದ್ದೆ.

“ನಾನು ಕೊಳಾಯಿ ತಾವ ನೀರು ಹಿಡೀತಿದ್ದೆ ಕಣೇ. ಅಲ್ಲಿಗೂ ಕೇಳಿಸ್ತು, ಅಂಥಾ ಗಂಟ್ಲು ನಮ್ಮವ್ವಂದು.”

ಈ ಕಥೆಯನ್ನು ಅಮ್ಮ ನೂರು ಸಲ ಹೇಳಿದ್ದಾಳೆ. ಶಾಲೆಯಲ್ಲಿ ಹೆಡ್‌ಮಾಸ್ತರ ಎದುರು ನಿಂತು ಮಾತಾಡಬೇಕಾಗಿ ಬಂದಾಗೆಲ್ಲ ನಾನು ನೆನೆಸಿಕೊಳ್ಳುವುದು ಆ ಎತ್ತಿದ ಕುಡುಗೋಲನ್ನೇ. ನಮ್ಮ ಮನೆಯಲ್ಲಿ ಧೈರ್ಯಕ್ಕೆ ಇನ್ನೊಂದು ಹೆಸರೇ ಅಜ್ಜಿ.

ಹೀಗಿರುವಾಗ, ಎರಡು ದೇಶಗಳ ಶಿಕ್ಷಕರು ಒಬ್ಬರ ಶಾಲೆಗೆ ಇನ್ನೊಬ್ಬರು ಹೋಗಿಬರುವ ಒಂದು ಏರ್ಪಾಡಿನಲ್ಲಿ ನನ್ನ ಹೆಸರು ಬಂತು. ನಾನು ಯಾರ ಮನೆಯಲ್ಲಿ ಇಳಿದುಕೊಳ್ಳಬೇಕಿತ್ತೋ ಆ ಟೀಚರ ಹೆಸರು ಗ್ವೆನ್. ಆಕೆ ನನ್ನ ಊರಿನ ಬಗ್ಗೆ ತಿಳಿಯಲೆಂದು ಹುಡುಕಾಡಿದಾಗ, ತಮ್ಮ ದೇಶದ ಒಂದು ಸ್ಟ್ರೀಮಿಂಗ್ ಸೇವೆಯಲ್ಲಿ ಬೇಲೂರು, ಹಳೇಬೀಡಿನ ಹಳೆಯ ಪ್ರವಾಸಿ ಚಿತ್ರವೊಂದು ಸಿಕ್ಕಿತಂತೆ. ನೋಡಿ ಮೇಲ್ ಬರೆದರು: ಚೆನ್ನಾಗಿದೆ, ಹುಲ್ಲು ಕೀಳುವ ಹೆಂಗಸೊಬ್ಬಳು ಕ್ಯಾಮೆರಾದವರಿಗೆ ಬೈಯುವುದಂತೂ ಬಹಳ ಚೆನ್ನಾಗಿದೆ, ನೀವು ಬಂದಾಗ ಜೊತೆಯಲ್ಲಿ ನೋಡೋಣ.

ನಾನು ಅದನ್ನು ಓದಿ ಹೇಳಿದಾಗ ಅಮ್ಮ ಅವರೆಕಾಳು ಸುಲಿಯುತ್ತಿದ್ದಳು. ಅವಳ ಕೈ ನಿಂತುಹೋಯಿತು.

“ಅವ್ವ ಅದ್ರಲ್ಲಿ ಅವ್ಳಾ?”

ಅಂದೇ ಸಂಜೆ ನಮ್ಮ ಶಾಲೆಯ ಕಂಪ್ಯೂಟರ್ ಮೇಷ್ಟ್ರು ಲೋಕೇಶ್ ಮನೆಗೆ ಬಂದರು. ಗೆಂಡೆಹಳ್ಳಿ ಕಡೆಯವರು, ಇಂಥ ವಿಷಯದಲ್ಲಿ ಹಟ ಜಾಸ್ತಿ. ಆ ಚಿತ್ರ ನಿಮ್ಮ ದೇಶದಲ್ಲಿ ಲಭ್ಯವಿಲ್ಲ ಎಂದು ಪರದೆ ಹೇಳಿತು. ಲೋಕೇಶ್ ತೋಳು ಮಡಿಸಿದರು.

“ಸುರಂಗ ಹಾಕ್ತೀನಿ ಇರಿ ಮೇಡಂ, ವಿಪಿಎನ್ ಅಂತಾರಲ್ಲ ಅದು. ನಾವು ಅರಸೀಕೆರೇಲಿ ಒಳಗೆ ಹೋಗ್ತೀವಿ, ಆ ಕಡೆ ಇಂಗ್ಲೆಂಡಲ್ಲಿ ತಲೆ ಎತ್ತೀವಿ. ಕಂಪನಿಯವ್ರಿಗೆ ಆ ತಲೆ ಮಾತ್ರ ಕಾಣ್ಸುತ್ತೆ.”

ತಲೆ ಎತ್ತಿದ್ದೇ ತಡ, ಪರದೆಯ ಮೇಲೆ ಬೇರೆ ಮಾತು ಬಂತು: ನೀವು ಸುರಂಗ ಸಂಪರ್ಕ ಬಳಸುತ್ತಿರುವಂತಿದೆ, ದಯವಿಟ್ಟು ಅದನ್ನು ನಿಲ್ಲಿಸಿ ಮತ್ತೆ ಪ್ರಯತ್ನಿಸಿ. ಲೋಕೇಶ್ ಬೇರೆ ಬೇರೆ ಸುರಂಗ ತೋಡಿದರು. ಎಲ್ಲದರ ಬಾಯಲ್ಲೂ ಅದೇ ಮಾತು ಕಾದು ನಿಂತಿತ್ತು.

“ಸಿಕ್ಕಾಕ್ಕೊಂಡ್ರಾ?” ಎಂದಳು ಅಮ್ಮ. ಆಮೇಲೆ ನನ್ನ ಕಡೆ ತಿರುಗಿದಳು. “ಹೋಗ್ಲಿ ಬುಡು. ನೀನು ಅಲ್ಲಿಗೇ ಹೋಗ್ತೀಯಲ್ಲ, ನೋಡ್ಕಂಡ್ ಬಾ. ಅವ್ವನ ಮುಖ ನನ್ನಂಗೈತಾ, ನಿನ್ನಂಗೈತಾ ನೋಡು. ನಂಗೆ ನೆಪ್ಪೇ ಆಗಲ್ಲ ಕಣೇ. ಕಣ್ಮುಚ್ಚಿದ್ರೆ ಸೆರಗು ಬತ್ತದೆ, ಮುಖ ಬರಲ್ಲ.”

ನೋಡಿಕೊಂಡೇ ಬರುತ್ತೇನೆ ಎಂದು ಮಾತು ಕೊಟ್ಟೆ.

ವಿಮಾನ ನಿಲ್ದಾಣ

ಯಾರ ಮನೆಗೂ ಬರಿಗೈಲಿ ಹೋಗಬಾರದೆಂದು ಅಮ್ಮ ಪೆಟ್ಟಿಗೆಯಲ್ಲಿ ಉಂಡೆ ಕೊಬ್ಬರಿ ತುಂಬಿದ್ದಳು. ಅರಸೀಕೆರೆಯವಳು ಇನ್ನೇನು ಒಯ್ಯಲಿ? ಲಂಡನ್ನಿನಲ್ಲಿ ತಪಾಸಣೆಯವನು ಪೆಟ್ಟಿಗೆ ತೆಗೆಸಿ, ಒಂದು ಉಂಡೆಯನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಬೆಳಕಿಗೆ ಹಿಡಿದ. ಇದೇನು ಮರದ್ದೇ ಎಂದು ಕೇಳಿದ.

ತೆಂಗಿನಕಾಯಿ ಎಂದೆ. ಆತ ನಂಬಲಿಲ್ಲ. ಆತ ಕಂಡ ತೆಂಗಿನಕಾಯಿ ಕೇಕಿನ ಮೇಲೆ ಉದುರಿಸಿದ ಬಿಳಿ ಪುಡಿಯಂತೆ. ಕಾಯಿಯನ್ನು ಅಟ್ಟದ ಮೇಲೆ ಹಾಕಿ ತಿಂಗಳುಗಟ್ಟಲೆ ಬಿಟ್ಟರೆ ಒಳಗಿನ ನೀರೆಲ್ಲ ಇಂಗಿ ತಿರುಳು ಚಿಪ್ಪು ಬಿಡುತ್ತದೆ, ಅದೇ ಇದು ಎಂದು ಪಾಠ ಶುರುಮಾಡಿದೆ. ನನ್ನ ಹಿಂದಿನ ಸಾಲು ಬೆಳೆಯುತ್ತಿತ್ತು. ಯಾರೂ ಗೊಣಗಲಿಲ್ಲ, ತಳ್ಳಲಿಲ್ಲ. ಅರಸೀಕೆರೆ ಬಸ್‌ಸ್ಟ್ಯಾಂಡಿನಲ್ಲಾಗಿದ್ದರೆ ಇಷ್ಟು ಹೊತ್ತಿಗೆ ನಾಲ್ಕು ಜನ ಸೇರಿ ಆತನಿಗೆ ಕೊಬ್ಬರಿಯ ಧಾರಣೆವರೆಗೂ ತಿಳಿಸಿ ಹೇಳುತ್ತಿದ್ದರು. ಕೊನೆಗೆ ಆತ ಮೇಲಿನವರನ್ನು ಕೇಳಿಬಂದು, ತಿನ್ನಬಹುದಾ ಎಂದ. ನಾನು ಬ್ಯಾಗಿನಲ್ಲಿದ್ದ ಒಂದು ಚೂರು ಕೊಟ್ಟೆ. ಅಗಿದು, ತಲೆಯಾಡಿಸಿ, ಪೆಟ್ಟಿಗೆ ಮುಚ್ಚಿಕೊಟ್ಟ.

ಕಣಿವೆ

ರೈಲು ಇಳಿದಾಗ ಗ್ವೆನ್ ಮತ್ತು ಆಕೆಯ ಗಂಡ ಹ್ಯೂ ಕಾದಿದ್ದರು. ಗ್ವೆನ್ ತೆಳ್ಳಗೆ, ಪಟಪಟ ಮಾತು. ಹ್ಯೂ ಕುರಿ ಸಾಕುವವರು, ದೊಡ್ಡ ಕೈ, ದೊಡ್ಡ ಗಡ್ಡ, ಮಾತು ಕಡಿಮೆ. ತಲೆಗೂದಲು ಕಾಲರಿನ ಮೇಲೆ ಬಿದ್ದು ಅಲ್ಲಿಂದ ಹೊರಕ್ಕೆ ಬಾಗಿತ್ತು.

ದಾರಿಯ ಬೋರ್ಡುಗಳಲ್ಲೆಲ್ಲ ಎರಡು ಭಾಷೆ. ಮೇಲೆ ಅವರ ವೆಲ್ಷ್, ಕೆಳಗೆ ಇಂಗ್ಲಿಷ್. ನಿಧಾನ ಎಂಬುದನ್ನು ರಸ್ತೆಯ ಮೇಲೇ ಎರಡೂ ಭಾಷೆಯಲ್ಲಿ ಬರೆದಿದ್ದರು. ಹ್ಯೂ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಗಾಡಿ ಓಡಿಸಿದರು. ಅಷ್ಟು ಕಿರಿದಾದ ದಾರಿಯಲ್ಲಿ ಎದುರಿಗೆ ಗಾಡಿ ಬಂದರೆ ಯಾರಾದರೊಬ್ಬರು ಹಿಂದಕ್ಕೆ ಹೋಗಬೇಕು. ನಾನು ಸೀಟು ಹಿಡಿದು ಜಗಳಕ್ಕೆ ಕಾದೆ. ಇಬ್ಬರೂ ಹಿಂದಕ್ಕೆ ಹೋದರು, ಇಬ್ಬರೂ ಕೈ ಎತ್ತಿದರು, ಮತ್ತೆ ಇಬ್ಬರೂ ಒಟ್ಟಿಗೇ ಮುಂದೆ ಬಂದು ನಿಂತರು. ಹೀಗೆ ಸ್ವಲ್ಪ ಹೊತ್ತು ನಡೆಯಿತು.

ಬೆಟ್ಟದ ತುಂಬ ಕಲ್ಲಿನ ಗೋಡೆಗಳು. ಗಾರೆ ಇಲ್ಲ, ಮಣ್ಣೂ ಇಲ್ಲ, ಕಲ್ಲಿನ ಮೇಲೆ ಕಲ್ಲು ಕೂರಿಸಿದ್ದು, ಅಷ್ಟೇ. ಹಳೇಬೀಡಿನ ನಂಟಿರುವ ನಾನು ಕಲ್ಲಿನ ವಿಷಯದಲ್ಲಿ ಸುಲಭಕ್ಕೆ ಮಣಿಯುವುದಿಲ್ಲ, ಆದರೂ ಇಳಿದು ಮುಟ್ಟಿ ನೋಡಿದೆ. ಹ್ಯೂ ಸಂತೋಷಪಟ್ಟರು. ಒಂದು ಗೋಡೆ ಅವರ ಅಜ್ಜ ಕಟ್ಟಿದ್ದಂತೆ. ಕೆತ್ತನೆ ಇಲ್ಲ ಎಂದು ಅವರೇ ಸಂಕೋಚದಿಂದ ಹೇಳಿದರು. ಆ ಹಳೆಯ ಚಿತ್ರವನ್ನು ಅವರೂ ನೋಡಿದ್ದರಲ್ಲ.

ಅವರ ಮನೆಗಳ ಒಂದು ಗುಣ ನನಗೆ ಬೇಗ ತಿಳಿಯಿತು. ಬಾಗಿಲು ಸದಾ ಹಾಕಿರುತ್ತದೆ. ಪಕ್ಕದ ಮನೆಯವರು ಬರುವುದಿದ್ದರೂ ಫೋನು ಮಾಡಿ, ಅನುಕೂಲವಾ ಎಂದು ಕೇಳಿ, ಆಮೇಲೆ ಬರುತ್ತಾರೆ. ಬಂದವರು ಮೊದಲು ಮಳೆಯ ಮಾತು ಆಡುತ್ತಾರೆ. ಮಳೆ ಬರುತ್ತಿರುವುದು ಇಬ್ಬರಿಗೂ ಕಾಣುತ್ತಿರುತ್ತದೆ, ಆದರೂ ಆಡುತ್ತಾರೆ. ನಮ್ಮ ಬೀದಿಯ ರಾಜಮ್ಮ ಸಕ್ಕರೆ ಬಟ್ಟಲು ಹಿಡಿದು ನೇರ ಅಡುಗೆಮನೆಗೆ ಬರುವುದನ್ನು ಹೇಳಿದೆ. ಗ್ವೆನ್ ಬಹಳ ಹೊತ್ತು ಯೋಚಿಸಿ, ಆಗ ನೀವು ಸ್ನಾನ ಮಾಡುತ್ತಿದ್ದರೆ ಎಂದು ಕೇಳಿದರು. ಸಕ್ಕರೆ ಡಬ್ಬ ಎಲ್ಲಿದೆ ಎಂದು ರಾಜಮ್ಮನಿಗೆ ಗೊತ್ತು ಎಂದೆ.

ಹ್ಯೂ ಅವರ ಅಡುಗೆಮನೆ

ಮೊದಲ ಸಂಜೆಯೇ ಊಟ ಮುಗಿಸಿ, ಟಿ.ವಿ. ಮುಂದೆ ಮೂವರೂ ಕೂತೆವು. ಅವರ ಟಿ.ವಿ. ಇರುವುದು ಅಡುಗೆಮನೆಯಲ್ಲೇ, ಬೆಚ್ಚಗಿನ ಒಲೆಯ ಪಕ್ಕದಲ್ಲಿ. ಗ್ವೆನ್ ಚಿತ್ರದ ಹೆಸರು ಒತ್ತಿದರು. ಪರದೆಯ ಮೇಲೆ ಬಂತು: ನೀವು ಸುರಂಗ ಸಂಪರ್ಕ ಬಳಸುತ್ತಿರುವಂತಿದೆ.

ಅರಸೀಕೆರೆಯಲ್ಲಿ ಕಂಡ ಅದೇ ಮಾತು, ಅದೇ ದಯವಿಟ್ಟು. ಅದು ನನ್ನ ಬೆನ್ನು ಹತ್ತಿ ಇಲ್ಲಿಯವರೆಗೂ ಬಂದಿತೇನೋ ಎಂದು ಒಂದು ಕ್ಷಣ ಬೆಚ್ಚಿದೆ.

“ಮತ್ತೆ ಶುರುವಾಯಿತು,” ಎಂದು ಹ್ಯೂ ಕುರ್ಚಿಯಿಂದ ಎದ್ದರು. ಮಾತು ಕಡಿಮೆಯ ಮನುಷ್ಯ ಆ ರಾತ್ರಿ ಮಲಗುವವರೆಗೂ ಮಾತಾಡಿದರು.

ವಿಷಯ ಇದು. ಆ ಕಣಿವೆಗೆ ಯಾವ ಕಂಪನಿಯೂ ತಂತಿ ಎಳೆಯಲಿಲ್ಲ. ಮನೆಗಳು ಕಡಿಮೆ, ಬಂಡೆ ಜಾಸ್ತಿ. ಕಾದು ಕಾದು ಊರವರೇ ಸೇರಿ ಕುರಿಗದ್ದೆಗಳ ಅಂಚಿನಲ್ಲಿ ಕಾಲುವೆ ತೋಡಿ ಕೇಬಲ್ ಹೂತರು. ಹ್ಯೂ ಕೂಡ ತೋಡಿದವರೇ. ಆದರೆ ಊರಿನ ಆ ಪುಟ್ಟ ಜಾಲ ಹೊರಜಗತ್ತಿಗೆ ಸೇರಲು ದೂರದ ನಗರವೊಂದರ ಯಂತ್ರದವರೆಗೆ ಸುರಂಗ ಹಾಕಿಕೊಂಡೇ ಹೋಗಬೇಕು. ಬೇರೆ ದಾರಿ ಇಲ್ಲ. ಇಡೀ ಕಣಿವೆ ಆ ಯಂತ್ರದ ಹತ್ತಿರ ತಲೆ ಎತ್ತುತ್ತದೆ. ಇಷ್ಟು ದಿನ ಯಾರೂ ಕೇಳಿರಲಿಲ್ಲ. ಈಚೆಗೆ ಸ್ಟ್ರೀಮಿಂಗ್ ಸೇವೆಯವರು ಪರದೇಶದಿಂದ ಕಳ್ಳದಾರಿಯಲ್ಲಿ ಬರುವವರನ್ನು ತಡೆಯಲು ಎಲ್ಲ ಸುರಂಗಗಳ ಬಾಯಿಗೂ ಕಲ್ಲು ಮುಚ್ಚಿದರು. ಒಳಗೆ ಇವರೂ ಸಿಕ್ಕಿಕೊಂಡರು. ಮೊದಮೊದಲು ಒಮ್ಮೊಮ್ಮೆ ತಾನಾಗಿ ತೆರೆದುಕೊಳ್ಳುತ್ತಿತ್ತಂತೆ, ಇವರು ಆ ಹಳೆಯ ಚಿತ್ರ ನೋಡಿದ್ದು ಅಂಥ ಒಂದು ದಿನ.

“ನಾನು ಹುಟ್ಟಿದ ಮನೆ ಇದು,” ಎಂದು ಹ್ಯೂ ಮೇಜು ಕುಟ್ಟಿದರು. “ನನ್ನ ಕುರ್ಚಿಯಲ್ಲಿ ನಾನು ಕೂತಿದ್ದೇನೆ. ನಾನು ಇಲ್ಲಿಲ್ಲ ಎಂದು ಅದು ನನಗೇ ಹೇಳುತ್ತದೆ!”

ಅವರು ಕಂಪನಿಗೆ ದೂರು ಕೊಟ್ಟಿದ್ದರು. ಸುರಂಗ ನಿಲ್ಲಿಸಿ ಮತ್ತೆ ಪ್ರಯತ್ನಿಸಿ ಎಂದು ಉತ್ತರ ಬಂತಂತೆ. ಸುರಂಗ ನಿಲ್ಲಿಸಿದರೆ ಇಡೀ ಕಣಿವೆಯೇ ಕತ್ತಲು ಎಂದು ಇವರು ಮತ್ತೆ ಬರೆದರು. ಅದಕ್ಕೂ ಅದೇ ಉತ್ತರ.

ನಾನು ಟೀ ಲೋಟ ನೋಡುತ್ತ ಕೂತಿದ್ದೆ. ಕೊನೆಗೆ ತಡೆಯಲಾರದೆ ಲೋಕೇಶ್ ಮೇಷ್ಟ್ರ ಪ್ರಸಂಗ ಹೇಳಿಬಿಟ್ಟೆ. ಅರಸೀಕೆರೆಯಲ್ಲಿ ಕೂತು ಇಲ್ಲಿದ್ದೇನೆ ಎಂದು ಸುಳ್ಳು ಹೇಳಿದಾಗ ನಂಬದಿದ್ದದ್ದು ಸರಿ, ಇಲ್ಲೇ ಬಂದು ಕೂತರೂ ನಂಬುವುದಿಲ್ಲವಲ್ಲ ಎಂದೆ. ಹ್ಯೂ ಗಡ್ಡದ ಮೇಲಿಂದ ನನ್ನನ್ನು ದಿಟ್ಟಿಸಿದರು.

“ಹಾಗಾದರೆ ಆ ಕಳ್ಳರು ನೀವೇನಾ?”

ಗ್ವೆನ್ ನಕ್ಕರು, ಆಮೇಲೆ ಅವರೂ ನಕ್ಕರು. ನನಗೆ ಮಾತ್ರ ಮಲಗಿದ ಮೇಲೂ ಅಮ್ಮನಿಗೆ ಏನು ಹೇಳಲಿ ಎಂಬುದೇ ಚಿಂತೆಯಾಯಿತು.

ಗುಡ್ಡದ ಮೇಲೆ

ಶಾಲೆಯ ಕಂಪ್ಯೂಟರುಗಳಲ್ಲಿ ಸಿನಿಮಾ ಸೇವೆಗಳಿಗೆಲ್ಲ ಬೀಗ. ಮೊಬೈಲಿನಲ್ಲಿ ನೋಡೋಣವೆಂದರೆ ಕಣಿವೆಯಲ್ಲಿ ಸಿಗ್ನಲ್ಲಿನ ಒಂದು ಗೀಟು ಬಂದು ಇಣುಕಿ ಹೋಗುತ್ತದೆ, ಕೆಳಗಿನ ಪಟ್ಟಣದಲ್ಲೂ ಅದೇ ಹಣೆಬರಹ. ಗುಡ್ಡದ ತುದಿಯಲ್ಲಿ ಪರವಾಗಿಲ್ಲ ಎಂದು ಹ್ಯೂ ಹೇಳಿದ್ದರಿಂದ ಒಂದು ಸಂಜೆ ಹತ್ತಿದೆವು.

ನಮ್ಮೂರ ಪಕ್ಕದ ಮಾಲೇಕಲ್ಲು ಹತ್ತಿ ಅಭ್ಯಾಸವಿರುವ ನನಗೆ ಗುಡ್ಡ ಎಂದರೆ ಮೆಟ್ಟಿಲು. ದಣಿವಾದಲ್ಲಿ ಕೂರಲು ಒಂದು ಮಂಟಪ, ಮೇಲೆ ವೆಂಕಟರಮಣ. ಇಲ್ಲಿ ಮೆಟ್ಟಿಲಿಲ್ಲ, ಕುರಿಹಿಕ್ಕೆ ಮತ್ತು ಗಾಳಿ ಮಾತ್ರ. ಬೆನ್ನಿಗೆ ನೀಲಿ ಬಣ್ಣ ಬಳಿದ ಕುರಿಗಳು, ಇವಳೇಕೆ ಸೀರೆಯ ಮೇಲೆ ಗಂಡಸಿನ ಕೋಟು ಹಾಕಿದ್ದಾಳೆ ಎಂಬಂತೆ ನೋಡಿದವು. ತುದಿಯಲ್ಲಿ ಒಂದಿಷ್ಟು ಕಲ್ಲು ರಾಶಿ ಹಾಕಿದ್ದರು, ಅಷ್ಟೇ. ಇಷ್ಟು ಹತ್ತಿಸಿ ದರ್ಶನಕ್ಕೆ ಏನೂ ಇಡದ ಬೆಟ್ಟವನ್ನು ನಾನು ಮೊದಲು ಕಂಡದ್ದು ಇಲ್ಲೇ.

ಗ್ವೆನ್ ಫೋನಿನಲ್ಲಿ ಚಿತ್ರ ಶುರುವಾಯಿತು. ನಿಜವಾಗಿ ಶುರುವಾಯಿತು! ಬೇಲೂರಿನ ಗೋಡೆ, ಅದರ ಮೂಲೆಗಳು, ಒಬ್ಬ ಮದನಿಕೆಯ ಮೊಣಕೈ. ಅಲ್ಲಿಗೆ ನಿಂತು ಚಕ್ರ ತಿರುಗತೊಡಗಿತು. ಹ್ಯೂ ಟೋಪಿ ತೆಗೆದು ಫೋನಿಗೆ ಅಡ್ಡ ಹಿಡಿದರು, ಸಿಗ್ನಲ್ಲನ್ನು ಗಾಳಿ ಹಾರಿಸಿಕೊಂಡು ಹೋಗುತ್ತಿದೆಯೋ ಎಂಬ ಹಾಗೆ. ಬಹಳ ಹೊತ್ತು ಹಾಗೆಯೇ ನಿಂತಿದ್ದೆವು. ಮದನಿಕೆಯ ಮೊಣಕೈ ಮುಂದೆ ಸರಿಯಲಿಲ್ಲ.

ಇಳಿಯುವಾಗ ನನಗೆ ಸಿಟ್ಟು ಬಂದಿತ್ತು. “ಪಟ್ಟಣದಲ್ಲಿ ಕಂಪನಿಯ ತಂತಿ ಇದೆಯಲ್ಲ, ಯಾರಾದರೂ ಒಬ್ಬರ ಮನೆಗೆ ಹೋಗಿ ನೋಡಿದರೆ ಮುಗಿಯಿತು,” ಎಂದೆ.

ಗ್ವೆನ್ ನಿಂತೇಬಿಟ್ಟರು. “ಅವರ ಮನೆಗಾ? ಅವರ ಟಿ.ವಿ. ನೋಡುವುದಕ್ಕಾ?”

ಹಳೇಬೀಡಿನಲ್ಲಿ ನಾನು ಚಿಕ್ಕವಳಿದ್ದಾಗ ಇಡೀ ಬೀದಿಗೆ ಒಂದೇ ಟಿ.ವಿ. ಇತ್ತು. ಭಾನುವಾರ ಆ ಮನೆಯವರಿಗೇ ಕೂರಲು ಜಾಗ ಸಿಗುತ್ತಿರಲಿಲ್ಲ. ಮನೆಯೊಡತಿ ಚಪ್ಪಲಿ ರಾಶಿ ನೋಡಿ ಬೈಯುತ್ತಿದ್ದಳು, ಬೈದುಕೊಂಡೇ ಮಕ್ಕಳನ್ನು ಮುಂದಕ್ಕೆ ಕೂರಿಸುತ್ತಿದ್ದಳು. ಇದನ್ನೆಲ್ಲ ಹೇಳಿದೆ. ಗೇಟು ದಾಟಿದ ಮೇಲೆ ಗ್ವೆನ್ ನಿಧಾನವಾಗಿ, “ಮೇರ್‌ಳ ಅಂಗಡಿಯಲ್ಲಿ ಟಿ.ವಿ. ಇದೆ,” ಎಂದರು.

ಮೇರ್ ಪಟ್ಟಣದಲ್ಲಿ ತನ್ನ ಮನೆಯ ಮುಂದಿನ ಕೋಣೆಯಲ್ಲೇ ಕೂದಲು ಕತ್ತರಿಸುವ ಅಂಗಡಿ ಇಟ್ಟವಳು. ಟಿ.ವಿ. ನೋಡಲು ಬರುತ್ತೇವೆ ಎಂದು ಹೇಳುವುದು ಗ್ವೆನ್‌ಗೆ ಸಾಧ್ಯವೇ ಇರಲಿಲ್ಲ. ಕೂದಲು ಕತ್ತರಿಸಿಕೊಳ್ಳಲು ಬರುತ್ತೇವೆ ಎನ್ನುವುದು ಸಾಧ್ಯವಿತ್ತು. ಇಬ್ಬರೂ ಒಟ್ಟಿಗೆ ಹ್ಯೂ ತಲೆಯ ಕಡೆ ನೋಡಿದೆವು.

“ಬೇಡ,” ಎಂದರು ಹ್ಯೂ.

ಮೇರ್‌ಳ ಅಂಗಡಿ

ನಾನು ಹೊರಡುವ ಹಿಂದಿನ ದಿನ ಬೆಳಿಗ್ಗೆ ಹ್ಯೂ ಕತ್ತಿಗೆ ನೀಲಿ ಬಟ್ಟೆ ಕಟ್ಟಿಸಿಕೊಂಡು, ಬಲಿಗೆ ತಂದ ಕುರಿಯ ಹಾಗೆ ಕನ್ನಡಿಯ ಮುಂದೆ ಕೂತರು. ಮೇರ್ ಕೆಂಪು ಕೂದಲಿನ ಗಟ್ಟಿ ಹೆಂಗಸು. ಪಕ್ಕದ ಕುರ್ಚಿಯಲ್ಲಿ ಅಜ್ಜಿಯೊಬ್ಬರು ಬಿಸಿಗಾಳಿಯ ಟೋಪಿಯ ಕೆಳಗೆ ಕೂತಿದ್ದರು. ಗೋಡೆಯ ಟಿ.ವಿ.ಯಲ್ಲಿ ಯಾರೋ ಮನೆ ಕೊಳ್ಳುತ್ತಿದ್ದರು.

ನಾನು ಮೇರ್‌ಗೆ ಉಂಡೆ ಕೊಬ್ಬರಿ ಕೊಟ್ಟೆ. ಅವಳು ಮೂಸಿ ನೋಡಿ, ಇದನ್ನು ತಲೆಗೆ ಹಚ್ಚುವುದೋ ತಿನ್ನುವುದೋ ಎಂದಳು. ಎರಡೂ ಎಂದೆ. ಗ್ವೆನ್ ಮಳೆಯ ಮಾತು ಶುರುಮಾಡಿದರು. ಮಳೆ ಮುಗಿದು ರಸ್ತೆ ರಿಪೇರಿ ಬಂತು, ರಸ್ತೆ ಮುಗಿದು ಯಾರದೋ ಮೊಣಕಾಲು ನೋವು ಬಂತು. ಹ್ಯೂ ಎಡಗಿವಿ ಹೊರಗೆ ಕಾಣತೊಡಗಿತ್ತು. ಹೀಗೇ ಬಿಟ್ಟರೆ ಅವರ ತಲೆ ಬೋಳಾದರೂ ಟಿ.ವಿ.ಯ ಮಾತು ಬರುವುದಿಲ್ಲ ಎನಿಸಿತು.

“ನಿಮ್ಮ ಟಿ.ವಿ.ಯಲ್ಲಿ ನಮ್ಮ ಅಜ್ಜಿ ಇದ್ದಾಳೆ, ನೋಡಬಹುದಾ?” ಎಂದು ಕೇಳಿಬಿಟ್ಟೆ.

ಮೇರ್ ಕತ್ತರಿ ನಿಲ್ಲಿಸಿ ವಿಷಯವೆಲ್ಲ ಕೇಳಿದಳು. “ಅಷ್ಟೇನಾ? ರಿಮೋಟ್ ಅಲ್ಲಿದೆ. ಇದಕ್ಕೆ ಈ ಪಾಪದ ಮನುಷ್ಯನನ್ನು ಯಾಕೆ ಎಳೆದುತಂದಿರಿ?”

ಹ್ಯೂ ಕನ್ನಡಿಯೊಳಗಿಂದ ಹೆಂಡತಿಯನ್ನು ನೋಡಿದ ನೋಟ ನಾನು ಬರೆಯುವುದಿಲ್ಲ.

ಮೇರ್‌ಳ ವೈಫೈ ಹಿಡಿದು ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ಅಲ್ಲಿ ಮಧ್ಯಾಹ್ನ ಇಳಿಹೊತ್ತು. ಎಂದಿನಂತೆ ಅವಳ ಹಣೆ ಮತ್ತು ನಮ್ಮನೆಯ ಫ್ಯಾನು ಮಾತ್ರ ಕಂಡವು. ಫೋನನ್ನು ಟಿ.ವಿ. ಕಡೆ ತಿರುಗಿಸಿ ಹಿಡಿದುಕೊಂಡೆ. ಇದೂ ಒಂದು ಸುರಂಗವೇ ಇರಬೇಕು, ಆದರೆ ಇದರ ಬಾಯಿಗೆ ಯಾರೂ ಕಲ್ಲಿಟ್ಟಿರಲಿಲ್ಲ.

ಬೇಲೂರು ಬಂತು, ಮದನಿಕೆಯ ಮೊಣಕೈ ಈ ಸಲ ದಾಟಿಹೋಯಿತು. ಆಮೇಲೆ ಹಳೇಬೀಡು. ಬಣ್ಣ ಸ್ವಲ್ಪ ಕೆಂಪಾಗಿ ಕದಡಿತ್ತು. ಆನೆಗಳ ಸಾಲು, ಕುದುರೆಗಳ ಸಾಲು, ಗಂಭೀರ ದನಿಯಲ್ಲಿ ಇಂಗ್ಲಿಷ್ ವಿವರಣೆ. ಕ್ಯಾಮೆರಾ ನಿಧಾನಕ್ಕೆ ಹಿಂದೆ ಸರಿದು ಹುಲ್ಲುಹಾಸಿಗೆ ಬಂತು. ಅಂಚಿನಲ್ಲಿ ಬೆನ್ನುಮಾಡಿ ಕೂತ ಹೆಂಗಸರ ಸಾಲು.

ಸಾಲಿನಿಂದ ಒಬ್ಬಳು ದಿಢೀರನೆ ಎದ್ದಳು. ಎತ್ತರದ ಹೆಂಗಸು, ಸೀರೆಯ ಮೇಲೆ ಗಂಡಸಿನ ಅಂಗಿ. ತಿರುಗಿ, ಕುಡುಗೋಲು ಎತ್ತಿ ಕೂಗಿದಳು. ವಿವರಣೆಯ ದನಿಯ ಅಡಿಯಿಂದಲೂ ಸ್ಪಷ್ಟವಾಗಿ ಕೇಳಿತು, “ಏಯ್, ಹುಲ್ಲು ತುಳೀಬ್ಯಾಡ್ರೋ!”

ವೇಲ್ಸಿನ ಆ ಕೋಣೆಯಲ್ಲಿ ಹಳೇಬೀಡಿನ ಕನ್ನಡ ಕೇಳಿ ನನ್ನ ಮೈ ಜುಮ್ಮೆಂದಿತು. ಆ ಗಲ್ಲ, ಆ ಮೂಗು ಎಲ್ಲ ನನ್ನದೇ. ವಯಸ್ಸು ಚಿಕ್ಕದಾಗಿ ಕಂಡಿತು, ಆಗಿನ ಕಾಲದಲ್ಲಿ ಬೇಗ ಮದುವೆ ಅಲ್ಲವೇ ಎಂದುಕೊಂಡೆ. ಅಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ಹೆಂಗಸೊಬ್ಬಳು ಅವಳ ಸೆರಗು ಹಿಡಿದು ಜಗ್ಗಿ ಕೂರಿಸಿದಳು. ಚಿತ್ರ ಮತ್ತೆ ಆನೆಗಳ ಕಡೆ ಹೋಯಿತು.

“ಅಮ್ಮಾ, ನೋಡಿದೆಯಾ? ಅಜ್ಜಿ ಥೇಟ್ ನನ್ನ ಹಾಗೇ ಇದ್ದಾಳೆ!” ನಾನು ಅಳುತ್ತಿದ್ದೆ, ನಗುತ್ತಲೂ ಇದ್ದೆ.

ಅಮ್ಮ ಸಣ್ಣ ದನಿಯಲ್ಲಿ, “ಇನ್ನೊಂದ್ಸಲ ಹಾಕು,” ಎಂದಳು.

ಮೇರ್ ಹಿಂದಕ್ಕೆ ಓಡಿಸಿ ಮತ್ತೆ ಹಾಕಿದಳು.

“ನಿಂತಿರೋಳು ಅವ್ವ ಅಲ್ಲ ಕಣೇ,” ಎಂದಳು ಅಮ್ಮ. “ಅದು ನಾನು.”

ನನಗೆ ಅರ್ಥವಾಗಲಿಲ್ಲ. ಅಮ್ಮನ ಆ ವಯಸ್ಸಿನ ಫೋಟೋ ಕೂಡ ನಮ್ಮಲ್ಲಿಲ್ಲ. ನಾನು ಬಲ್ಲದ್ದು ನರೆತ ಕೂದಲಿನ, ಮಂಡಿ ಹಿಡಿದು ಏಳುವ ಅಮ್ಮನನ್ನು. “ನೀನು ಕೊಳಾಯಿ ಹತ್ತಿರ ಇದ್ದೆ ಅಂತಿದ್ದೆಯಲ್ಲ?”

“ಹಂಗೇ ಅನ್ಕಂಡಿದ್ದೆ. ಇಲ್ಲೇ ಇದ್ದೀನಲ್ಲ, ಅಪ್ಪನ ಅಂಗಿ ಹಾಕ್ಕಂಡು. ಜಗ್ತಾವ್ಳಲ್ಲ, ಅವ್ಳು ಅವ್ವ. ನಿಲ್ಸು, ನಿಲ್ಸು ಅಲ್ಲೇ.”

ಮೇರ್ ನಿಲ್ಲಿಸಿದಳು. ಬಿಸಿಗಾಳಿಯ ಟೋಪಿಯ ಅಜ್ಜಿ ಟೋಪಿ ಸರಿಸಿಕೊಂಡು ಮುಂದೆ ಬಗ್ಗಿದರು. ಪರದೆಯ ಮೇಲೆ ನಮ್ಮಜ್ಜಿ ಕೂತಲ್ಲೇ ನಿಂತುಹೋದಳು. ಒಂದು ಕೈಯಲ್ಲಿ ಮಗಳ ಸೆರಗು. ಪುಟ್ಟ ದುಂಡು ಮುಖ, ಈಗಿನ ನನಗಿಂತ ಚಿಕ್ಕವಳು. ಕ್ಯಾಮೆರಾ ಕಡೆ ನೋಡುತ್ತಿರಲಿಲ್ಲ. ಕತ್ತು ತಿರುಗಿಸಿ ಪಕ್ಕದಲ್ಲೆಲ್ಲೋ, ಚಿತ್ರದ ಹೊರಗೆ ನೋಡುತ್ತಿದ್ದಳು. ಬಾಯಿ ಅರ್ಧ ತೆರೆದಿತ್ತು.

“ಮೇಸ್ತ್ರಿ ನಿಂತ್ಕತಿದ್ದ ಜಾಗ ಅದು,” ಎಂದಳು ಅಮ್ಮ. “ಅವನು ನೋಡ್ಬುಟ್ನಾ ಅಂತ ನೋಡ್ತಾವ್ಳೆ. ನಾಳೆಯಿಂದ ಬರಬ್ಯಾಡ ಅಂತಾನೆ ಅಂತ. ಎಷ್ಟು ಹೆದರ್ಕಂಡವ್ಳೆ ನೋಡೇ ಅವ್ವ.”

ಕೋಣೆಯಲ್ಲಿ ಯಾರಿಗೂ ಕನ್ನಡ ಬರದು, ಆದರೂ ಮೇರ್ ಕತ್ತರಿ ಕೆಳಗಿಟ್ಟು ಟೀಗೆ ನೀರಿಟ್ಟಳು. ಅರ್ಧ ಕತ್ತರಿಸಿದ ತಲೆಯಲ್ಲಿ ಹ್ಯೂ ಕೈಮುಗಿದವರ ಹಾಗೆ ಕೂತಿದ್ದರು.

“ನನ್ನಂಗೂ ಇಲ್ಲ, ನಿನ್ನಂಗೂ ಇಲ್ಲ,” ಎಂದಳು ಅಮ್ಮ ಕಡೆಗೆ. “ಎಷ್ಟು ಚೆಂದಾಗವ್ಳೆ.”

ಮೇರ್ ನನ್ನ ಕೈಗೆ ಟೀ ಕೊಟ್ಟು, ನಿನ್ನ ಅಜ್ಜಿ ಏನೆಂದು ಕೂಗಿದಳು ಎಂದು ಕೇಳಿದಳು. ಹುಲ್ಲು ತುಳಿಯಬೇಡಿ ಎಂದಳು ಎಂದೆ. ಕೂಗಿದವಳು ಯಾರು ಎಂದು ತಿದ್ದಿ ಹೇಳಲು ಆ ಹೊತ್ತಿಗೆ ನನ್ನಿಂದಾಗಲಿಲ್ಲ.

ಮತ್ತೆ ಅರಸೀಕೆರೆ

ಹ್ಯೂ ಮೇಲ್ ಬರೆದಿದ್ದಾರೆ. ಕಂಪನಿ ಈಗಲೂ ಸುರಂಗ ನಿಲ್ಲಿಸಿ ನೋಡಿ ಎನ್ನುತ್ತದಂತೆ, ಅವರು ಈಗಲೂ ತಮ್ಮ ಅಡುಗೆಮನೆಯಲ್ಲಿ ಇಲ್ಲವಂತೆ. ಆದರೆ ವಾರಕ್ಕೊಮ್ಮೆ ಅವರೂ ಗ್ವೆನ್ನೂ ಮೇರ್‌ಳ ಮನೆಗೆ ಹೋಗಿ ಟಿ.ವಿ. ನೋಡುತ್ತಾರೆ, ಕೂದಲು ಕತ್ತರಿಸಿಕೊಳ್ಳದೆ, ಕೈಯಲ್ಲೊಂದು ಬ್ರೆಡ್ಡು ಹಿಡಿದು. ಕಣಿವೆಯ ಇನ್ನೂ ಎರಡು ಮನೆಯವರು ಸೇರಿಕೊಂಡಿದ್ದಾರೆ. ಮೇರ್ ಬಾಗಿಲಲ್ಲಿ ಬಿಟ್ಟ ಬೂಟುಗಳನ್ನು ನೋಡಿ ಬೈಯುತ್ತಾಳಂತೆ. ಇದನ್ನು ಓದಿ ನಾನು ಬಹಳ ಹೊತ್ತು ನಕ್ಕೆ.

ನಾನು ಬಂದ ಮೇಲೆ ಅಮ್ಮ ಆ ಚಿತ್ರದ ಮಾತೇ ಎತ್ತಲಿಲ್ಲ. ಏನು ಯೋಚಿಸುತ್ತಿದ್ದಾಳೋ ಎಂದು ನನಗೆ ಒಳಗೊಳಗೇ ಅಳುಕು. ಅಷ್ಟು ವರ್ಷ ತಾಯಿಯದೆಂದು ಇಟ್ಟುಕೊಂಡಿದ್ದ ಧೈರ್ಯ ತನ್ನದೇ ಎಂದು ಗೊತ್ತಾದರೆ ಮನುಷ್ಯರಿಗೆ ಹೇಗನಿಸುತ್ತದೆ? ಖುಷಿಯಾಗಬೇಕೋ, ಏನೋ ಕಳೆದುಹೋಯಿತು ಎನಿಸಬೇಕೋ ನನಗೂ ತಿಳಿಯಲಿಲ್ಲ.

ಭಾನುವಾರ ರಾಜಮ್ಮ ಸಕ್ಕರೆ ಬಟ್ಟಲು ಹಿಡಿದು ಅಡುಗೆಮನೆಗೇ ಬಂದರು. ನಾನು ಒಬ್ಬಟ್ಟಿಗೆ ಕೊಬ್ಬರಿ ತುರಿಯುತ್ತಿದ್ದೆ. ಅಮ್ಮ ಮಣೆಯ ಮೇಲೆ ಕೂತಿದ್ದಳು.

“ಏನಮ್ಮಾ, ನಿಮ್ಮವ್ವ ಪರದೇಶದ ಟಿ.ವಿ.ಲಿ ಬಂದವ್ಳಂತೆ? ನಿನ್ ಮಗಳು ನೋಡ್ಕಂಡ್ ಬಂದ್ಳಂತೆ?” ಎಂದರು ರಾಜಮ್ಮ.

“ಹೂಂ ಕಣ್ ರಾಜಮ್ಮ, ನಾನೂ ನೋಡ್ದೆ,” ಎಂದಳು ಅಮ್ಮ.

“ಏನ್ ಮಾಡ್ತಾಳೆ ಅದ್ರಲ್ಲಿ?”

ಅಮ್ಮ ಒಮ್ಮೆ ನನ್ನ ಕಡೆ ನೋಡಿದಳು. ನನ್ನ ಕೈ ತುರಿಮಣೆಯ ಮೇಲೆ ನಿಂತಿತು.

“ಏನ್ ಮಾಡ್ತಾಳೆ ಅಂದ್ರೆ?” ಎಂದು ಅಮ್ಮ ಬೆನ್ನು ನೇರ ಮಾಡಿ ಕೂತಳು. “ಎಲ್ರೂ ಬಾಯ್ ಮುಚ್ಕಂಡ್ ಕುಂತಿದ್ರು. ನಮ್ಮವ್ವ ಒಬ್ಳೇ ಎದ್ದು ನಿಂತ್ಳು ನೋಡು, ಕುಡುಗೋಲು ಎತ್ಕಂಡು...”

ನಾನು ತಲೆ ತಗ್ಗಿಸಿ ಕೊಬ್ಬರಿ ತುರಿಯತೊಡಗಿದೆ.